ಮೇಲಿನ ಸ್ವರ ಯಾರದು

ಏಪ್ರಿಲ್ 4, ಗುರುವಾರ

ಇವರು ನಿವೃತ್ತರಾಗಿ ಇವತ್ತಿಗೆ ನಾಲ್ಕೇ ದಿನ. ನನಗೆ ನಾಲ್ಕು ವರ್ಷ ಕಳೆದಂತಾಗಿದೆ.

ಬೆಳಿಗ್ಗೆ ನಾನು ಕೆಲಸಕ್ಕೆ ಹೊರಟಾಗ ಚಪ್ಪಲಿ ಬಿಡುವ ಜಾಗದವರೆಗೆ ಹಿಂದೆಯೇ ಬಂದು ನಿಂತರು. ಮೂವತ್ತೆಂಟು ವರ್ಷ ಹಡಗಿನ ಕಾರ್ಖಾನೆಗೆ ಹೋಗುವಾಗ ಒಂದು ದಿನವೂ ಹಿಂತಿರುಗಿ ನೋಡದ ಮನುಷ್ಯ.

“ಅಮ್ಮಾ, ಎಷ್ಟೊತ್ತಿಗೆ ಬರ್ತೀಯ?”

“ಇವತ್ತು ಗುರುವಾರ. ಐದೂವರೆ ಆಗುತ್ತೆ.”

“ಹಾಗಾದ್ರೆ ಮಧ್ಯಾಹ್ನ ನನಗೆ?”

ಫ್ರಿಜ್ ಇದೆ, ಅನ್ನದ ಕುಕ್ಕರ್ ಇದೆ, ಎರಡು ಕೈ ಇವೆ ಎಂದು ಹೇಳಬೇಕೆನಿಸಿತು. ಶೂ ಬಿಚ್ಚಿ ಒಳಗೆ ಹೋಗಿ ಮೂರು ಅನ್ನದ ಉಂಡೆ ಕಟ್ಟಿಟ್ಟು ಬಂದೆ. ಬಸ್ಸು ತಪ್ಪಿತು.

ಮಗಳು ಮಿಹೊ ಹುಟ್ಟಿದಂದಿನಿಂದ ಇವರಿಗೆ ನಾನು ‘ಅಮ್ಮ’, ನನಗೆ ಇವರು ‘ಅಪ್ಪ’. ಮಿಹೊ ಮದುವೆಯಾಗಿ ನಗೋಯಾ ಸೇರಿ ಮೂರು ವರ್ಷವಾಯಿತು. ಈಗಲೂ ಅಪ್ಪ, ಅಮ್ಮ.

ಹನ್ನೆರಡರವರೆಗೆ ಟವೆಲುಗಳಿಗೆ ಅಂಚು ಹೊಲಿದೆ. ಒಂದು ಗಂಟೆಗೆ ಸ್ಟೇಷನ್ ಎದುರಿನ ಕ್ಯಾರಿಯೋಕೆ ಅಂಗಡಿಯ ಎರಡನೇ ಮಹಡಿ, ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಹಾಡುವ ಕೋಣೆ. ಮಿತ್ಸುಯೊ, ತಮಾಮಿ ಆಗಲೇ ಬಂದಿದ್ದರು. ಹನ್ನೊಂದು ವರ್ಷದಿಂದ ಪ್ರತಿ ಗುರುವಾರ ನಾವು ಮೂವರು, ಹೈಸ್ಕೂಲಿನ ಒಂದೇ ಬೆಂಚಿನವರು. ಗುರುವಾರವೇ ಯಾಕೆಂದರೆ, ಆ ಕಾಲದಲ್ಲಿ ಟೀವಿಯಲ್ಲಿ ಹಾಡಿನ ಕಾರ್ಯಕ್ರಮ ಬರುತ್ತಿದ್ದುದು ಗುರುವಾರ ರಾತ್ರಿ. ನಮ್ಮದೊಂದೇ ನಿಯಮ: ನಮಗೆ ಮದುವೆಯಾಗುವ ಮುಂಚೆ ಬಂದ ಹಾಡುಗಳನ್ನು ಮಾತ್ರ ಹಾಡಬೇಕು.

ಕೊನೆಗೆ ಹಾಡುವುದು ಯಾವಾಗಲೂ ‘ನಮ್ಮ ಹಾಡು’. ಹಳದಿ ಮಳೆಯಂಗಿ ತೊಟ್ಟು ಹಾಡುತ್ತಿದ್ದ ಆ ಇಬ್ಬರು ಅಕ್ಕತಂಗಿಯರದು. ಒಂದೇ ಹಾಡು ಗೆದ್ದಿತು, ಆಮೇಲೆ ಅವರನ್ನು ಯಾರೂ ಕಾಣಲಿಲ್ಲ. ಶಾಲೆಯ ಉತ್ಸವದಲ್ಲಿ ಅದನ್ನು ನಾನು ಮತ್ತು ಮಿತ್ಸುಯೊ ಹಾಡಿದ್ದೆವು. ನಾನು ಮೇಲಿನ ಸ್ವರ, ಅಕ್ಕನದು. ಮಿತ್ಸುಯೊ ಕೆಳಗಿನದು. ತಮಾಮಿ ಕ್ಯಾಸೆಟ್ಟಿನ ಗುಂಡಿ ಒತ್ತಿದ್ದಳು. ಈಗಲೂ ಹಾಗೇ, ಗುಂಡಿಯ ಬದಲು ತಮಾಮಿಯ ಕೈಯಲ್ಲಿ ಕಂಜಿರ.

ಇವತ್ತು ಮೇಲೆ ಹೋಗುವಾಗ ಸ್ವರ ಒಡೆಯಿತು. ಪರಾಗದ ಕಾಲ. ಊರಿಗೆಲ್ಲ ಗಂಟಲು ಕೆಟ್ಟಿದೆ.

ಏಪ್ರಿಲ್ 11, ಗುರುವಾರ

“ಬಸ್ಸು ಯಾಕೆ, ನಾನು ಬಿಡ್ತೀನಿ” ಎಂದರು. ಟವೆಲ್ ಶೆಡ್ಡಿಗೆ ಬಿಟ್ಟರು. ಹನ್ನೆರಡಕ್ಕೆ ಅಲ್ಲೇ ಇದ್ದರು. ಕ್ಯಾರಿಯೋಕೆಗೂ ಬಿಟ್ಟರು. ಸರಿ, ಮನೆಗೆ ಹೋಗುತ್ತಾರೆ ಅಂದುಕೊಂಡೆ.

ಮೂರು ಗಂಟೆಗೆ ಪಾನೀಯ ತರಲು ಎದ್ದ ಮಿತ್ಸುಯೊ ಕಿಟಕಿಯಿಂದ ಕೆಳಗೆ ನೋಡಿದಳು. “ಚೀಚಾನ್, ಅದು ನಿಮ್ಮ ಕಾರಲ್ವೇನೇ? ನಿನ್ನ ಗಂಡ ಒಳಗೇ ಕೂತಿದಾರೆ!”

ಎರಡು ಗಂಟೆ ಹೊತ್ತಿನಿಂದ ಕಾರಿನೊಳಗೆ, ಸ್ಟಿಯರಿಂಗಿನ ಮೇಲೆ ಕೈಯಿಟ್ಟುಕೊಂಡು. ನೋಡಿದರೆ ಅಂಗಡಿ ಮುಂದೆ ಕಟ್ಟಿಹಾಕಿದ ನಾಯಿಯ ಹಾಗೆ. ನಾಚಿಕೆಯಿಂದ ಮುಖ ಬಿಸಿಯಾಯಿತು.

“ಪಾಪ ಕಣೇ, ಮೇಲಕ್ಕೆ ಕರಿ” ಎಂದಳು ಮಿತ್ಸುಯೊ.

“ಬೇಡ, ಅವರಿಗೆ ಹಾಡು ಅಂದ್ರೆ ಆಗಲ್ಲ.”

ಸುಳ್ಳು. ಅವರಿಗೆ ಹಾಡು ಆಗುತ್ತದೋ ಇಲ್ಲವೋ ನನಗೆ ಗೊತ್ತೇ ಇಲ್ಲ.

ಏಪ್ರಿಲ್ 18, ಗುರುವಾರ

ಮಿತ್ಸುಯೊ ಕರೆದೇ ಬಿಟ್ಟಳು. ನನ್ನನ್ನು ಕೇಳದೆ, ಕಾರಿನ ಕಿಟಕಿ ತಟ್ಟಿ.

ಬಂದು ಮೂಲೆಯಲ್ಲಿ ಕೂತರು. ತಮಾಮಿಯ ಕಂಜಿರ ತೆಗೆದುಕೊಂಡು ಎಲ್ಲೆಲ್ಲಿ ತಾಳ ಇಲ್ಲವೋ ಅಲ್ಲಲ್ಲೇ ಹೊಡೆದರು. ಒಂದು ಹಾಡೂ ಗೊತ್ತಿಲ್ಲ. “ಆಗೆಲ್ಲ ನಾನು ಎಣ್ಣೆ ಹಡಗಿನ ತಳದಲ್ಲಿದ್ದೆ, ಏನೂ ಕೇಳಿಸ್ತಿರ್ಲಿಲ್ಲ” ಎಂದರು. ಮಿತ್ಸುಯೊ ಬಿಡದೆ ಮೈಕು ಕೊಟ್ಟಾಗ ಎದ್ದು ನಿಂತು, ಹಿನ್ನೆಲೆ ಸಂಗೀತವೂ ಇಲ್ಲದೆ, ಕಾರ್ಖಾನೆಯಲ್ಲಿ ಬೆಳಿಗ್ಗೆ ವ್ಯಾಯಾಮದ ಮುಂಚೆ ಹಾಡಿಸುತ್ತಿದ್ದ ಹಾಡನ್ನು ಮೂರು ಚರಣ ಪೂರ್ತಿ ಹಾಡಿದರು. ಅವರಿಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕು ಚಪ್ಪಾಳೆ ಹೊಡೆದರು.

“ಇಷ್ಟು ತಮಾಷೆಯ ಗಂಡನ್ನ ಇಷ್ಟು ವರ್ಷ ಎಲ್ಲಿ ಬಚ್ಚಿಟ್ಟಿದ್ದೆ?”

ನಾನು ಬಚ್ಚಿಟ್ಟಿದ್ದು ಗಂಡನನ್ನಲ್ಲ, ಗುರುವಾರವನ್ನು. ಅದನ್ನು ಅವಳಿಗೆ ಹೇಗೆ ಹೇಳಲಿ?

ಮೇ 9, ಗುರುವಾರ

ಮೇ ತಿಂಗಳ ಸಾಲು ರಜೆಯಲ್ಲಿ ಕ್ಯಾರಿಯೋಕೆ ಅಂಗಡಿ ತುಂಬ ಮಕ್ಕಳಿದ್ದರು, ನಾವು ಹೋಗಿರಲಿಲ್ಲ. ಆ ಹತ್ತು ದಿನ ಇವರು ನನ್ನ ಹಿಂದೆ ಹಿಂದೆ ತಿರುಗಿ, ನಾನು ಒಗೆದ ಬಟ್ಟೆ ಹರವುವ ಕ್ರಮದಲ್ಲಿ ನಾಲ್ಕು ತಪ್ಪು ಕಂಡುಹಿಡಿದಿದ್ದರು. ಇವತ್ತು ನೋಟ್‌ಬುಕ್ ತಂದರು.

ಇವರ ಕೆಲಸ ಹಡಗಿನ ಬೆಸುಗೆ ಪರೀಕ್ಷಿಸುವುದು. ಟಾರ್ಚು ಬಿಟ್ಟು ನೋಡಿ, ಸುತ್ತಿಗೆಯಿಂದ ತಟ್ಟಿ, ಬಿರುಕಿದ್ದಲ್ಲಿ ಸೀಮೆಸುಣ್ಣದ ಗೆರೆ. ಮೂವತ್ತೆಂಟು ವರ್ಷ ಅದೇ. ಇವತ್ತು ನಮ್ಮ ಹಾಡುಗಳನ್ನು ಹಾಗೇ ತಟ್ಟಿ ನೋಡಿದರು. ನಾವು ಯಾವತ್ತೂ ಅಂಕ ಹಾಕಿಸಿದವರಲ್ಲ. ಪರದೆಯ ಮೇಲೆ ಅಂಕ ಬರುವ ಗುಂಡಿ ಹುಡುಕಿ ಒತ್ತಿದ್ದು ಇವರೇ. ಹಾಡಬೇಕಾದ ಸ್ವರ ಬೂದು ಪಟ್ಟಿಯಾಗಿ ಮೂಡುತ್ತದೆ, ನಾವು ಹಾಡಿದ್ದು ಅದರ ಮೇಲೆ ಬಣ್ಣವಾಗಿ. ಎಲ್ಲಿ ಜಾರಿದೆಯೋ ಅಲ್ಲಿ ಇವರ ಪೆನ್ಸಿಲ್.

“ಮಿತ್ಸುಯೊ-ಸಾನ್, ಸಾಲಿನ ಕೊನೆಗೆ ಉಸಿರು ಸಾಲ್ತಾ ಇಲ್ಲ. ಎರಡು ಅಕ್ಷರ ಮುಂಚೆ ತಗೊಳ್ಳಿ.”

ಅವಳು ತೆಗೆದುಕೊಂಡಳು. ಎಪ್ಪತ್ತೊಂಬತ್ತು ಇದ್ದದ್ದು ಎಂಬತ್ತನಾಲ್ಕಾಯಿತು. ಸೋಫಾದ ಮೇಲೆ ಕುಣಿದಾಡಿದಳು, ಐವತ್ತಾರರ ಹೆಂಗಸು.

ನನಗೆ ಬಂದ ಅಂಕ ಎಪ್ಪತ್ತಮೂರು. ಆ ಮೈಕಿನ ಬ್ಯಾಟರಿ ಹೋಗಿತ್ತು.

ಮೇ 23, ಗುರುವಾರ

ಅಕ್ಷರ ಸೊಟ್ಟಗಿದೆ. ಇರಲಿ.

‘ನಮ್ಮ ಹಾಡು’ ಮುಗಿಯಿತು. ಇವರು ಪುಟ ತಿರುಗಿಸಿ ಹೇಳಿದರು: “ಚೀಚಾನ್, ಕೇಳು.”

ಚೀಚಾನ್ ಅಂತೆ! ಅದು ಹದಿನೈದನೇ ವಯಸ್ಸಿನಲ್ಲಿ ಈ ಇಬ್ಬರು ನನಗೆ ಇಟ್ಟ ಹೆಸರು. ಮನೆಯಲ್ಲಿ ನನ್ನ ನಿಜ ಹೆಸರು ಹಿಡಿದು ಚಿಜುರು ಎಂದು ಸಹ ಕರೆಯದವರಿಗೆ ಅದನ್ನು ಮುಟ್ಟುವ ಹಕ್ಕು ಕೊಟ್ಟವರು ಯಾರು?

“ಮೂರು ವಾರದ್ದು ಬರೆದಿಟ್ಟಿದೀನಿ. ಮೇಲಕ್ಕೆ ಹೋಗೋ ಆ ಜಾಗದಲ್ಲಿ ಮೂರು ವಾರವೂ ಒಡೆದಿದೆ. ಪರಾಗ ಅಲ್ಲ, ಮೈಕೂ ಅಲ್ಲ. ನಿನ್ನ ಮೇಲಿನ ಸ್ವರ ಹೋಗಿದೆ. ವಯಸ್ಸು. ಶ್ರುತಿ ಎರಡು ಮನೆ ಕೆಳಗಿಳಿಸು, ಇಲ್ಲ ಅಂದ್ರೆ ಕೆಳಗಿನ ಸ್ವರ ಹಾಡು.”

ಹವಾಮಾನ ವರದಿ ಓದುವ ಧ್ವನಿ. ಸಿಟ್ಟೂ ಇಲ್ಲ, ವ್ಯಂಗ್ಯವೂ ಇಲ್ಲ. ಬಿರುಕು ಕಂಡಿತು, ಗೆರೆ ಎಳೆದರು.

ಮಿತ್ಸುಯೊ ಕರಿದ ಕೋಳಿಯ ತಟ್ಟೆ ನೋಡುತ್ತಿದ್ದಳು. ತಮಾಮಿ ನನ್ನನ್ನು ನೋಡುತ್ತಿದ್ದಳು. ಅವರಲ್ಲಿ ಒಬ್ಬಳಾದರೂ “ಇಲ್ಲ, ಚೆನ್ನಾಗೇ ಇತ್ತು” ಎನ್ನಬಹುದಿತ್ತು. ಅನ್ನಲಿಲ್ಲ. ಅಂದರೆ ಅವರಿಗೆ ಮೊದಲೇ ಗೊತ್ತಿತ್ತು. ಎಷ್ಟು ವರ್ಷದಿಂದ?

“ಹೌದಾ” ಎಂದು ನಕ್ಕೆ. ನಕ್ಕೆನಲ್ಲ, ಅದಕ್ಕೇ ನನ್ನ ಮೇಲೆ ನನಗೆ ಹೆಚ್ಚು ಸಿಟ್ಟು.

ಮೇ 24, ಶುಕ್ರವಾರ

ದಿನವಿಡೀ ಇವರೊಂದಿಗೆ ಮಾತಾಡಲಿಲ್ಲ. ಇವರು ಗಮನಿಸಲಿಲ್ಲ.

ಜೂನ್ 6, ಗುರುವಾರ

ನಗರ ಸಭಾಭವನದಲ್ಲಿ ಜುಲೈ ಏಳಕ್ಕೆ ‘ನೆನಪಿನ ಹಾಡು’ ಸ್ಪರ್ಧೆಯಂತೆ, ಐವತ್ತು ದಾಟಿದವರಿಗೆ. ಇವರು ಅರ್ಜಿ ತುಂಬಿ ಕೊಟ್ಟೇ ಬಂದಿದ್ದಾರೆ. ಮೂವರ ಹೆಸರು, ಹುಟ್ಟಿದ ದಿನ, ಹಾಡು ಎಲ್ಲ. ಮಿತ್ಸುಯೊಗೆ ಹಾಡಿನ ಮಧ್ಯೆ ಬರುವ ಮಾತು ಮತ್ತು ಕುಣಿತ. ನನಗೆ ಕೆಳಗಿನ ಸ್ವರ.

“ಮೇಲಿನದು?” ಎಂದೆ.

“ತಮಾಮಿ-ಸಾನ್. ಹೋದ ವಾರ ನೀನು ಟಾಯ್ಲೆಟ್ಟಿಗೆ ಹೋದಾಗ ಹಾಡಿಸಿ ನೋಡಿದೆ. ತೊಂಬತ್ತೊಂದು.”

ತಮಾಮಿ ಕೆಂಪಾಗಿ, “ಚೀಚಾನ್‌ಗೆ ಬೇಡ ಅಂದ್ರೆ ನಾನು ಹಾಡಲ್ಲ” ಎಂದಳು.

ಇಂಥ ಮಾತಿಗೆ ಬೇಡ ಎನ್ನುವುದಾದರೂ ಹೇಗೆ? ಬೇಡ ಎಂದರೆ ಕೆಟ್ಟವಳು ನಾನು. ಸರಿ ಎಂದರೆ ನಲವತ್ತು ವರ್ಷದ ಹಾಡು ಕೈಬಿಟ್ಟಿತು. ‘ಸರಿ’ ಎಂದೆ. ನನ್ನ ಬಾಯಿಂದ ಆ ಮಾತು ಎಷ್ಟು ಸಲೀಸಾಗಿ ಬರುತ್ತದೆ! ಅಂಚು ಹೊಲಿಯುವ ಯಂತ್ರದ ಹಾಗೆ, ಕಾಲಿಟ್ಟರೆ ಸಾಕು, ಸರಿ ಸರಿ ಸರಿ.

ಜೂನ್ 12, ಬುಧವಾರ

ಹಲ್ಲು ನೋವೆಂದು ಅರ್ಧ ದಿನ ರಜೆ ಹಾಕಿದೆ. ಇವರಿಗೆ ಹೇಳಲಿಲ್ಲ. ರೈಲು ಹತ್ತಿ ಮತ್ಸುಯಾಮಾಕ್ಕೆ ಹೋದೆ. ಅಲ್ಲಿ ಒಬ್ಬೊಬ್ಬರೇ ಹಾಡುವ ಸಣ್ಣ ಕೋಣೆಗಳ ಕ್ಯಾರಿಯೋಕೆ ಇದೆ. ಅಂಕದ ಗುಂಡಿ ಆಫ್ ಮಾಡಿದೆ. ಶ್ರುತಿ ಒಂದು ಮನೆಯೂ ಇಳಿಸದೆ ‘ನಮ್ಮ ಹಾಡು’ ಹಾಕಿದೆ. ಒಂಬತ್ತು ಸಲ.

ಒಂಬತ್ತು ಸಲವೂ ಒಡೆಯಿತು. ನೀರು ಕುಡಿದು, ನಿಂತು, ಬಗ್ಗಿ, ಕಿರುಚಿ ನೋಡಿದೆ. ಆ ಜಾಗಕ್ಕೆ ಬಂದಾಗ ಗಂಟಲಲ್ಲಿ ಮೆಟ್ಟಿಲೇ ಇಲ್ಲ. ಇವರು ಹೇಳಿದ್ದು ನಿಜ. ಆ ನಿಜವನ್ನು ಅವರು ಹೇಳಬಾರದಿತ್ತು, ಅಷ್ಟೇ.

ಮೈಯೆಲ್ಲ ಬೆವರು, ಈ ವಯಸ್ಸಿನ ಆ ದರಿದ್ರ ಬೆವರು. ಗಾಳಿಗೆಂದು ಹೊರಗೆ ಬಂದೆ. ಓಣಿಯ ಕೊನೆಯ ಕೋಣೆಯಿಂದ ಅದೇ ಹಾಡು ಕೇಳಿಸಿತು. ಮೇಲಿನ ಸ್ವರ. ನೇರವಾಗಿ, ಆಯಾಸವಿಲ್ಲದೆ, ಗಾಳಿಪಟ ಏರಿದ ಹಾಗೆ. ಯಾವಳೋ ಇಪ್ಪತ್ತರ ಹುಡುಗಿ, ತಾಯಿಯ ಹಾಡು ಕಲಿಯುತ್ತಿದ್ದಾಳೆ ಅಂದುಕೊಂಡೆ. ಬಾಗಿಲ ಗಾಜಿನಲ್ಲಿ ಇಣುಕಿದೆ.

ತಮಾಮಿ. ಕಣ್ಣು ಮುಚ್ಚಿ, ಎರಡು ಕೈಯಲ್ಲಿ ಮೈಕು ಹಿಡಿದು. ಬುಧವಾರ ಅವಳ ಡ್ರೈ ಕ್ಲೀನಿಂಗ್ ಅಂಗಡಿಗೆ ರಜೆ.

ತಿರುಗಿ ಹೋಗಿಬಿಡಬೇಕಿತ್ತು. ಅಲ್ಲೇ ನಿಂತು ಕೇಳಿದೆ. ಹಾಡು ಮುಗಿದಾಗ ಅವಳೇ ಕಣ್ಣು ತೆರೆದಳು. ಇಬ್ಬರೂ ಗಾಜಿನ ಆಚೆ ಈಚೆ, ಕಳ್ಳರು ಕಳ್ಳರನ್ನು ಕಂಡ ಹಾಗೆ.

“ಸ್ಪರ್ಧೆಗೆ ಅಂತ ಅಭ್ಯಾಸ” ಎಂದಳು, ತಪ್ಪು ಒಪ್ಪಿಕೊಳ್ಳುವ ಹಾಗೆ. “ಊರಲ್ಲಾದ್ರೆ ಯಾರಾದ್ರೂ ನೋಡ್ತಾರೆ.”

“ಇಷ್ಟು ಚೆನ್ನಾಗಿ ಹಾಡ್ತೀಯ ಅಂತ ಯಾವತ್ತೂ ಹೇಳಲೇ ಇಲ್ವಲ್ಲೇ.”

“ಕೇಳಿದ್ರೆ ತಾನೇ ಹೇಳೋದು?” ನಗುತ್ತಲೇ ಅಂದಳು, ಆದರೆ ಕೈಯಲ್ಲಿ ಮೈಕಿನ ತಂತಿ ಸುತ್ತುತ್ತಲೇ ಇದ್ದಳು. “ಶಾಲೆ ಉತ್ಸವಕ್ಕೆ ಮುಂಚೆ ನಾನೂ ಕಲಿತಿದ್ದೆ ಚೀಚಾನ್. ಅಕ್ಕನ ಭಾಗ. ನೀನು ಬಂದು ‘ಮೇಲಿನದು ನಂದು, ಕ್ಯಾಸೆಟ್ಟು ನೀನು ನೋಡ್ಕೋ’ ಅಂದೆ. ನಾನು ಸರಿ ಅಂದೆ.”

“ನಾನು ಹಾಗಂದ್ನಾ?”

“ಅಂದೆ. ಆಮೇಲೆ ಈ ಹನ್ನೊಂದು ವರ್ಷ ಕಂಜಿರ. ಹೇಳ್ಬೇಕು ಅಂತ ಪ್ರತಿ ಗುರುವಾರ ಬಸ್ಸಲ್ಲಿ ಅಂದ್ಕೋತಿದ್ದೆ. ಬಂದು ನಿನ್ನ ಮುಖ ನೋಡಿದ್ರೆ, ಅಷ್ಟು ಖುಷಿಯಾಗಿರ್ತಿದ್ದೆ ನೀನು. ನಿನ್ನ ಗಂಡ ಓಚಿ-ಸಾನ್ ಬರದೇ ಇದ್ದಿದ್ರೆ ನಾನು ಸಾಯೋವರ್ಗೂ ಕಂಜಿರನೇ ಹೊಡೀತಿದ್ದೆ.”

ಕ್ಷಮಿಸು ಎನ್ನಬೇಕಿತ್ತು. “ಮೈಕಿಗೆ ತಂತಿ ಇರೋ ಕೋಣೆ ಯಾಕೆ ತಗೊಂಡೆ?” ಎಂದೆ. ಎಂಥ ಪ್ರಶ್ನೆ!

ಬರುವಾಗ ಒಂದೇ ರೈಲು, ಅಕ್ಕಪಕ್ಕ. ಅವಳು ಜಾಕೊತೆನ್ ಎಂಬ ಕರಿದ ಮೀನಿನ ವಡೆ ಕೊಂಡು ಅರ್ಧ ಮುರಿದು ಕೊಟ್ಟಳು. ಮೀನಿನ ಮುಳ್ಳಿನ ಪುಡಿ ಹಲ್ಲಿಗೆ ಸಿಕ್ಕಿತು. ನನಗೆ ಇನ್ನೂ ಸಿಟ್ಟೇ ಇದೆ. ಯಾರ ಮೇಲೆ ಎಂದು ಮಾತ್ರ ಈಗ ಗೊಂದಲ.

ಜೂನ್ 13, ಗುರುವಾರ

ಶೀತ ಎಂದು ಹೇಳಿ ಹಾಡಲಿಲ್ಲ. ಕಂಜಿರ ನಾನು ತೆಗೆದುಕೊಂಡೆ. ನಾಲ್ಕು ಗಂಟೆ ಹೊಡೆದರೆ ಮಣಿಕಟ್ಟು ನೋಯುತ್ತದೆ.

ಜೂನ್ 27, ಗುರುವಾರ

ಕೆಳಗಿನ ಸ್ವರ ನನಗೆ ಬರುವುದಿಲ್ಲ. ಗೊತ್ತಿಲ್ಲದಂತೆ ಮೇಲಿನದಕ್ಕೆ ಜಾರಿಬಿಡುತ್ತೇನೆ, ಇಳಿಜಾರಿನಲ್ಲಿ ಬಿಟ್ಟ ಸೈಕಲ್ ಕೆಳಗಿಳಿಯದೆ ಮೇಲಕ್ಕೆ ಓಡಿದ ಹಾಗೆ. ಮಿತ್ಸುಯೊ ಹೇಳಿಕೊಟ್ಟಳು: “ಕೆಳಗಿನದು ಹಾಡೋಳು ತನ್ನ ಸ್ವರ ಕೇಳಬಾರದು ಕಣೇ, ಮೇಲಿನವಳದ್ದು ಕೇಳ್ಬೇಕು. ನಾನೇನು ಅಷ್ಟು ವರ್ಷ ಸುಮ್ನೆ ನಿನ್ನ ಪಕ್ಕ ನಿಂತಿದ್ನಾ?”

ಇವರು ನೋಟ್‌ಬುಕ್ಕಿನಿಂದ ತಲೆಯೆತ್ತದೆ ಅಂದರು: “ಎರಡು ತಗಡು ಸೇರೋ ಜಾಗ. ಮಧ್ಯೆ ಕೂದಲೆಳೆ ಸಂದಿಯೂ ಇರಬಾರ್ದು. ಇನ್ನೊಂದು ಸಲ.”

ಏಳು ಸಲ ‘ಇನ್ನೊಂದು ಸಲ’. ಇದು ಹಾಡೇ, ಕಾರ್ಖಾನೆಯೇ? ನಾವು ಹೊಟ್ಟೆ ಹಿಡಿದುಕೊಂಡು ನಕ್ಕು ಎಷ್ಟು ವಾರವಾಯಿತು? ಮಿತ್ಸುಯೊ ಕೂಡ ಇವತ್ತು ಆಕಳಿಸಿದಳು. ತಮಾಮಿಗಂತೂ ಇವರು ಬೆರಳು ಮೇಲೆತ್ತಿ ಸ್ವರ ತೋರಿಸುತ್ತಾರೆ. ಅವಳು ಈಗ ಕಣ್ಣು ಮುಚ್ಚಿ ಹಾಡುವುದಿಲ್ಲ, ಬೆರಳು ನೋಡಿಕೊಂಡು ಹಾಡುತ್ತಾಳೆ. ಮತ್ಸುಯಾಮಾದ ಓಣಿಯಲ್ಲಿ ಕೇಳಿದ ಸ್ವರ ಅಲ್ಲ ಇದು. ತೊಂಬತ್ತಮೂರು ಬರುತ್ತದೆ, ಆದರೆ ಅಲ್ಲ.

ಜುಲೈ 7, ಭಾನುವಾರ

ಒಂಬತ್ತು ತಂಡ. ನಾವು ಆರನೆಯವರು. ಮಿತ್ಸುಯೊ ಮೂವರಿಗೂ ಹಳದಿ ಮಳೆಯಂಗಿ ಹೊಲಿಸಿದ್ದಳು. ಜುಲೈ ಸೆಕೆಯಲ್ಲಿ ಪ್ಲಾಸ್ಟಿಕ್ಕಿನೊಳಗೆ ಬೆಂದುಹೋದೆವು. ತಮಾಮಿಯ ತುಟಿ ಬಿಳಿಚಿತ್ತು.

ಇವರು ಮೂರನೇ ಸಾಲಿನ ನಡುವೆ, ನಿವೃತ್ತಿಯ ದಿನ ಹಾಕಿದ್ದ ಕೋಟಿನಲ್ಲಿ, ನೋಟ್‌ಬುಕ್ ತೊಡೆಯ ಮೇಲೆ.

ಮೊದಲ ಚರಣ ಹೇಗೋ ಆಯಿತು. ಮಿತ್ಸುಯೊ ಮಧ್ಯದ ಮಾತು ಹೇಳಿ ಜನರನ್ನು ನಗಿಸಿದಳು. ಎರಡನೆಯದರಲ್ಲಿ ಆ ಮೇಲಿನ ಜಾಗ ಬರುವ ಮೊದಲೇ ಇವರ ಬೆರಳು ಎದ್ದಿತು. ಏರು, ಏರು. ತಮಾಮಿ ಆ ಬೆರಳನ್ನೇ ನೋಡುತ್ತಿದ್ದಳು, ಹಾವು ಕಂಡ ಕಪ್ಪೆಯ ಹಾಗೆ. ಒಂದು ಪದ ಬಿಟ್ಟಳು. ಮುಂದಿನ ಪದದ ಅರ್ಧ ಬಿಟ್ಟಳು. ಪಕ್ಕದಲ್ಲಿದ್ದ ನನಗೆ ಅವಳ ಮಳೆಯಂಗಿ ಸರಸರ ನಡುಗುವುದು ಕೇಳಿಸುತ್ತಿತ್ತು.

ನಾನು ಒಂದು ಹೆಜ್ಜೆ ಮುಂದೆ ಎಡಕ್ಕೆ ಸರಿದೆ. ಅವಳಿಗೂ ಮೂರನೇ ಸಾಲಿಗೂ ನಡುವೆ. ಇವರ ಮುಖ, ಬೆರಳು, ಎಲ್ಲ ನನ್ನ ಬೆನ್ನ ಹಿಂದಾಯಿತು, ಯಾಕೆಂದರೆ ನಾನು ಅವಳ ಕಡೆ ತಿರುಗಿ ನಿಂತಿದ್ದೆ. ನೋಡುಗರಿಗೆ ಬೆನ್ನು ತೋರಿಸುವುದು ಎಂಥ ಅಸಭ್ಯ! “ಕಣ್ಣು ಮುಚ್ಚು” ಎಂದು ತುಟಿ ಅಲ್ಲಾಡಿಸಿದೆ.

ಮುಚ್ಚಿದಳು. ಹಾಡಿದಳು. ನಾನು ಕೆಳಗೆ ಹಿಡಿದುಕೊಂಡೆ. ಎಲ್ಲಿ ಹಾಡಿದೆ, ಹೇಗೆ ಹಾಡಿದೆ ನೆನಪಿಲ್ಲ, ಅವಳದ್ದಷ್ಟೇ ಕೇಳಿಸುತ್ತಿತ್ತು. ಮುಂದಿನ ಸಾಲಿನಲ್ಲಿ ಒಬ್ಬ ಅಜ್ಜಿ ಬೀಸಣಿಗೆ ಬೀಸುವುದನ್ನು ನಿಲ್ಲಿಸಿದ್ದಳು ಎಂದು ಆಮೇಲೆ ಮಿತ್ಸುಯೊ ಹೇಳಿದಳು.

ಮೂರನೇ ಬಹುಮಾನ. ಟವೆಲುಗಳು. ಅಂಚು ನೋಡಿದೆ, ನಮ್ಮ ಶೆಡ್ಡಿನದೇ. ಮೂವರೂ ಮೆಟ್ಟಿಲ ಮೇಲೆ ಕೂತು ಉಸಿರು ಕಟ್ಟುವವರೆಗೆ ನಕ್ಕೆವು.

ಕಾರಿನಲ್ಲಿ ಇವರು: “ನೀನು ಜಾಗ ಬಿಟ್ಟು ಸರಿದೆ. ಅದಿಲ್ಲದಿದ್ರೆ ಎರಡನೇದು ಬರ್ತಿತ್ತು.”

ಜುಲೈ 8, ಸೋಮವಾರ

ತಿಂಡಿಗೆ ಕೂತಾಗ ಮತ್ತೆ ಅದೇ ತೆಗೆದರು. ನೋಟ್‌ಬುಕ್ ಮಿಸೊ ಸಾರಿನ ಬಟ್ಟಲಿನ ಪಕ್ಕದಲ್ಲಿ.

“ಯಾಕೆ ಸರಿದೆ?”

“ನೀವು ಅವಳಿಗೆ ಕಾಣಬಾರದು ಅಂತ.”

ತಿನ್ನುವ ಕಡ್ಡಿ ಕೆಳಗಿಟ್ಟರು. ನಾನು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಮತ್ತೆ ‘ಸರಿ’ ಬಂದುಬಿಡುತ್ತಿತ್ತು.

“ಈ ಗುರುವಾರದಿಂದ ಬರಬೇಡಿ.”

“ಸ್ಪರ್ಧೆ ಮುಗೀತಲ್ಲ. ಇನ್ನು ಸುಮ್ನೆ ಕೂತಿರ್ತೀನಿ.”

“ಸುಮ್ನೆ ಕೂರೋಕೂ ಬರಬೇಡಿ. ಬಿಡೋಕೂ ಬೇಡ, ಕಾಯೋಕೂ ಬೇಡ. ಚೀಚಾನ್ ಅಂತಾನೂ ಕರೀಬೇಡಿ, ಅದು ಅವರಿಬ್ಬರದು.”

ನೋಟ್‌ಬುಕ್ ಮುಚ್ಚಿದರು. ಪಕ್ಕದ ಮನೆಯವರು ಹಾಸಿಗೆ ಬಡಿಯುತ್ತಿದ್ದರು.

“ಮೂರು ತಿಂಗಳಾಯ್ತು. ಒಂದು ದಿನನಾದ್ರೂ ಹೇಳಬಹುದಿತ್ತು” ಎಂದರು.

 ತಮಾಮಿ ನನಗೆ ಹೇಳಲು ಹನ್ನೊಂದು ವರ್ಷ ತೆಗೆದುಕೊಂಡಳು, ಅದಕ್ಕೂ ಹಿಂದಿನ ಇಪ್ಪತ್ತೆಂಟು ಬೇರೆ. ಅದನ್ನು ಇವರಿಗೆ ಬಿಡಿಸಿ ಹೇಳುವಷ್ಟು ತಾಳ್ಮೆ ಇರಲಿಲ್ಲ.

“ಈಗ ಹೇಳ್ತಿದೀನಲ್ಲ” ಎಂದೆ.

“ನನಗೆ ಹೋಗೋಕೆ ಬೇರೆ ಜಾಗ ಇಲ್ಲ, ಚೀ…” ಎಂದು ತಡೆದುಕೊಂಡರು. “ಚಿಜುರು.”

ಆ ಹೆಸರು ಅವರ ಬಾಯಲ್ಲಿ ಯಾರೋ ಪರಿಚಯವಿಲ್ಲದ ಹೆಂಗಸಿನದೆಂಬಂತೆ ಕೇಳಿಸಿತು. ಕರುಣೆ ಬಂತು. ಬಂದದ್ದಕ್ಕೆ ಸಿಟ್ಟೂ ಬಂತು.

“ಹುಡುಕಿಕೊಳ್ಳಿ. ನನಗೂ ಯಾರೂ ತೋರಿಸಿಕೊಟ್ಟಿರಲಿಲ್ಲ.”

ಎದ್ದು ತಮ್ಮ ಬಟ್ಟಲು ತಾವೇ ಒಯ್ದು ತೊಳೆದರು. ತಳದಲ್ಲಿ ಕಡಲಪಾಚಿ ಹಾಗೇ ಅಂಟಿತ್ತು. ಅವರು ಹೊರಗೆ ಹೋದ ಮೇಲೆ ಇನ್ನೊಮ್ಮೆ ತೊಳೆದೆ.

ಜುಲೈ 11, ಗುರುವಾರ

ಬೆಳಿಗ್ಗೆ ನನಗಿಂತ ಮುಂಚೆ ಟೋಪಿ ಹಾಕಿಕೊಂಡು ಹೊರಟರು. ಎಲ್ಲಿಗೆಂದು ಹೇಳಲಿಲ್ಲ. ಕೇಳಲಿ ಎಂದು ಬಾಗಿಲಲ್ಲಿ ಸ್ವಲ್ಪ ನಿಂತರು. ಕೇಳಲಿಲ್ಲ.

ಕ್ಯಾರಿಯೋಕೆಯಲ್ಲಿ ಬರೀ ಜಗಳ. ಮಿತ್ಸುಯೊಗೆ ಅಂಕ ಬೇಕು, ನನಗೆ ಬೇಡ. ತಮಾಮಿ ಒಂದು ಗಂಟೆ ಹಾಕೋಣ, ಆಮೇಲೆ ತೆಗೆಯೋಣ ಎಂದಳು. ನೋಟ್‌ಬುಕ್ ಇಲ್ಲದೆ ಮಿತ್ಸುಯೊ ಎಪ್ಪತ್ತೆಂಟಕ್ಕೆ ಇಳಿದು ಇಡೀ ಮಧ್ಯಾಹ್ನ ಓಚಿ-ಸಾನ್ ಓಚಿ-ಸಾನ್ ಎಂದು ಗೊಣಗಿದಳು. ನಾನು ತಮಾಮಿಗೆ, ಆ ಎರಡನೇ ಚರಣದಲ್ಲಿ ಅಷ್ಟು ಅವಸರ ಯಾಕೆ, ನಾನು ಕೆಳಗೆ ಉಸಿರು ಹಿಡಿದು ನಿಂತಿರುತ್ತೇನಲ್ಲ ಎಂದು ಬೈದೆ. ಅವಳು, ನೀನೇ ಬೇಗ ಬಾ ಎಂದಳು. ಈ ತಮಾಮಿಗೆ ಇಷ್ಟು ಬಾಯಿ ಯಾವಾಗ ಬಂತೋ.

ಐದಕ್ಕೆ ಹತ್ತು ನಿಮಿಷ ಇರುವಾಗ, ಸಮಯ ಮುಗಿಯುತ್ತಿದೆ ಎಂದು ನೆನಪಿಸಲು ಕೆಳಗಿನ ಕೌಂಟರಿನವರು ಮಾಡುವ ಗೋಡೆಯ ಫೋನು ಹೊಡೆದುಕೊಂಡಿತು. ಮಿತ್ಸುಯೊ ಆಗಲೇ ಕೈಚೀಲ ಹುಡುಕುತ್ತಿದ್ದಳು. ನಾನೇ ಎತ್ತಿದೆ.

“ಇನ್ನೊಂದು ಗಂಟೆ ಇರ್ತೀವಿ” ಎಂದೆ.